ಮೂರು ಬೀಗದ ಕಂಪ್ಯೂಟರ್

ಹೊಸ ವಿಂಡೋಸ್ ಹಾಕುವುದು ಏನು ಮಹಾ ಕೆಲಸ, ಸಿ.ಡಿ. ಒಳಗೆ ತುರುಕಿ ಎರಡು ಲೋಟ ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ ಎಂದು ಹೆಂಡತಿಗೆ ಹೇಳಿ ವಿರುಪಾಕ್ಷ ಶುಕ್ರವಾರ ಸಂಜೆ ಮೆಲ್ಬರ್ನ್‌ನಿಂದ ಸಿಡ್ನಿಗೆ ವಿಮಾನ ಹತ್ತಿ ಬಂದಿದ್ದ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಅವನು ಒಂಬತ್ತು ಲೋಟ ಚಹಾ ಕುಡಿದಿದ್ದ. ವಿಂಡೋಸ್ ಮಾತ್ರ ಹಳೆಯದೇ ಇತ್ತು.

ಕಂಪ್ಯೂಟರ್ ಇದ್ದದ್ದು ಸಿಡ್ನಿಯ ಕೆಲ್ಲಿವಿಲ್‌ನಲ್ಲಿ, ಅಗಸ್ಟಿನ್ ಅಂಕಲ್ ಮನೆಯ ಗ್ಯಾರೇಜಿನಲ್ಲಿ. ಎರಡು ಕಾರು ನಿಲ್ಲಿಸಬಹುದಾದ ಆ ಗ್ಯಾರೇಜಿನಲ್ಲಿ ಕಾರು ನಿಂತದ್ದನ್ನು ಕಂಡವರಿಲ್ಲ. ಅಲ್ಲಿರುವುದೆಲ್ಲ ಗ್ರೈಂಡರುಗಳು, ಆಳೆತ್ತರದ ಫ್ರಿಜ್ಜುಗಳು, ಮಸಾಲೆಯ ಡಬ್ಬಗಳು. ಅಂಕಲ್ ಮತ್ತು ಎರಡು ಬೀದಿ ಆಚೆ ಇರುವ ಅವರ ತಂಗಿ ಪ್ರೆಸಿಲ್ಲಾ ಆಂಟಿ ಸೇರಿ ಅಡುಗೆಯ ವ್ಯಾಪಾರ ನಡೆಸುತ್ತಿದ್ದರು. ಸಿಡ್ನಿಯಲ್ಲಿರುವ ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಮದುವೆಯೆಂದರೆ ಇವರದೇ ಊಟ, ಕ್ರಿಸ್ಮಸ್ ಎಂದರೆ ಇವರದೇ ಕುಸ್ವಾರ್. ನೆವ್ರ್ಯೊ, ಕಿಡಿಯೊ, ರೋಸ್ ಕುಕೀಸ್ ತುಂಬಿದ ಆ ತಿಂಡಿಯ ಪೆಟ್ಟಿಗೆಗಳಿಗೆ ನವೆಂಬರ್‌ನಿಂದಲೇ ಆರ್ಡರ್ ಬರುತ್ತಿತ್ತು. ಈ ಸಲ, ಅಂದರೆ 2005ರಲ್ಲಿ, ಊರಿನ ಕೌನ್ಸಿಲ್‌ನಿಂದ ತಪಾಸಣೆಗೆ ಬಂದ ಹೆಂಗಸು, ಅಲರ್ಜಿ ಇರುವವರಿಗೆ ಗೊತ್ತಾಗಲು ಪೆಟ್ಟಿಗೆಯ ಮೇಲೆ ಗೋಡಂಬಿ ಇದೆ, ಗೋಧಿ ಇದೆ ಎಂದು ಅಚ್ಚಾದ ಚೀಟಿ ಇರಲಿ, ನಿಮ್ಮ ಕೈಬರಹ ಯಾರಿಗೂ ಓದಲು ಬರುವುದಿಲ್ಲ ಎಂದು ಹೇಳಿ ಹೋದಳು. ಅಂಕಲ್ ಚೀಟಿ ಅಚ್ಚು ಹಾಕುವ ಹೊಸ ಯಂತ್ರ ತಂದರು. ಅದು ಹಳೆಯ ವಿಂಡೋಸ್ ಜೊತೆ ಮಾತೇ ಆಡಲಿಲ್ಲ. ಆಗ ನೆನಪಾದವನು ವಿರುಪಾಕ್ಷ.

ನೆನಪಾಗದೆ ಏನು? ಧಾರವಾಡದಿಂದ ಓದಲೆಂದು ಬಂದು ಎರಡು ವರ್ಷ ಅವನು ಇದೇ ಮನೆಯ ಹಿಂದಿನ ಕೋಣೆಯಲ್ಲಿದ್ದ. ಮೀನು, ಹಂದಿಮಾಂಸ ಎಂದು ಮೂರು ಹೊತ್ತು ಒಲೆ ಉರಿಯುವ ಮನೆಯಲ್ಲಿ ಪ್ರೆಸಿಲ್ಲಾ ಆಂಟಿ ಈ ಲಿಂಗಾಯತರ ಹುಡುಗನಿಗೆಂದು ಬೇರೆ ಪಾತ್ರೆ, ಬೇರೆ ಸೌಟು ಇಟ್ಟು ಅಡುಗೆ ಮಾಡಿ ಹಾಕಿದ್ದರು. ಸೌಟು ಅದಲುಬದಲಾಯಿತೇ ಎಂದು ಅವನು ಒಂದು ದಿನವೂ ಇಣುಕಿ ನೋಡಿರಲಿಲ್ಲ. ಈಗ ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಒಳ್ಳೆಯ ಕೆಲಸ, ಮದುವೆ, ಇಲ್ಲೇ ನೆಲೆಸಲು ಪಿಆರ್ ಎಲ್ಲ ಆಗಿತ್ತು. ಆದರೂ ಆಸ್ಟ್ರೇಲಿಯಾದಲ್ಲಿ ನಿನ್ನ ಮನೆ ಯಾವುದು ಎಂದು ಯಾರಾದರೂ ಕೇಳಿದರೆ ಅವನಿಗೆ ಮೊದಲು ನೆನಪಾಗುವುದು ಈ ಗ್ಯಾರೇಜು.

ಆ ಗ್ಯಾರೇಜಿನಲ್ಲೇ ಈಗ ಅವನ ಮಾನ ಹೋಗುತ್ತಿತ್ತು. ಪರದೆಯ ಮೇಲೆ ‘ಇನ್ನು 34 ನಿಮಿಷ’ ಎಂದು ಬರುವವರೆಗೆ ಎಲ್ಲ ಸುಸೂತ್ರ. ಆಮೇಲೆ ಯಂತ್ರ ಕೆಮ್ಮಿದಂತೆ ಸದ್ದು ಮಾಡಿ, ಅಪ್‌ಗ್ರೇಡ್ ಆಗಲಿಲ್ಲ, ಮೊದಲಿದ್ದಂತೆ ಮಾಡುತ್ತೇನೆ ಎಂದು ಹೇಳಿ ಹಳೆಯ ವಿಂಡೋಸ್ಸನ್ನೇ ತಂದು ನಿಲ್ಲಿಸುತ್ತಿತ್ತು. ಅವನು ಡಿಸ್ಕಿನಲ್ಲಿ ಜಾಗ ಮಾಡಿದ. ಆಂಟಿವೈರಸ್ ಕಿತ್ತು ಹಾಕಿದ. ಮೆಮೊರಿ ಚಿಪ್ಪನ್ನು ಹೊರಗೆ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಕೂರಿಸಿದ. ನಾಲ್ಕನೆಯ ಸಲವೂ ಅದೇ 34 ನಿಮಿಷ.

“ಸ್ವಲ್ಪ ಆಶೀರ್ವಾದದ ನೀರು ಉಂಟು, ಹಾಕುವುದಾ?” ಎಂದು ಕೇಳಿದರು ಪ್ರೆಸಿಲ್ಲಾ ಆಂಟಿ.

“ನೀರು ಬ್ಯಾಡ್ರಿ ಆಂಟಿ, ಕರೆಂಟ್ ಐತಿ.”

ಆಮೇಲೆ ಅವನು ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದ. ಯಂತ್ರ ತಾನು ಮಾಡಿದ್ದನ್ನೆಲ್ಲ ಸಾಲುಸಾಲಾಗಿ ಬರೆದಿಡುತ್ತದೆ. ಆ ಲಾಗ್ ತೆರೆದು ಓದತೊಡಗಿದ. ನಾಲ್ಕು ಸಾವಿರ ಸಾಲು. ಕೊನೆಯಲ್ಲಿ ಒಂದು ಸಾಲು ಸಿಕ್ಕಿತು: ಈ ಕೆಲಸಕ್ಕೆ ಬೇಕಾದ ಹಕ್ಕು ಈ ಬಳಕೆದಾರನಿಗೆ ಇಲ್ಲ. ಅದನ್ನು ಓದಿದ್ದೇ ವಿರುಪಾಕ್ಷನಿಗೆ ಕುತ್ತಿಗೆಯ ಹಿಂದೆ ಬೆವರೊಡೆಯಿತು. ಹಕ್ಕು ಇಲ್ಲದಂತೆ ಮಾಡಿದವನು ಅವನೇ. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಎಂದರೆ ಇದೇ ಇರಬೇಕು.

ನಾಲ್ಕು ವರ್ಷದ ಹಿಂದಿನ ಮಾತು. ಆಗ ವ್ಯಾಪಾರದಲ್ಲಿ ಮೂವರಿದ್ದರು: ಅಗಸ್ಟಿನ್, ಪ್ರೆಸಿಲ್ಲಾ, ಮತ್ತು ಎಲ್ಲರಿಗಿಂತ ಕಿರಿಯ ತಮ್ಮ ಗ್ಲಾಡ್ವಿನ್. ಅವರ ಅಮ್ಮ, ಅಂದರೆ ಎಲ್ಲರ ಮಾಂಯ್, ತೀರಿಕೊಂಡ ವರ್ಷ. ಮಾಂಯ್ ಮಾಡುತ್ತಿದ್ದ ಬಫಾತ್ ಎಂಬ ಮಸಾಲೆ ಪುಡಿಯ ಅಳತೆಯನ್ನು, ಎಷ್ಟು ಮೆಣಸು, ಎಷ್ಟು ಕೊತ್ತಂಬರಿ, ಎಷ್ಟು ಹುರಿಯಬೇಕು ಎಂಬುದನ್ನೆಲ್ಲ, ಮೂವರೂ ಕೂತು ಕಂಪ್ಯೂಟರಿಗೆ ಹಾಕಿದರು. ಹಾಕಿದ ಮರುಗಳಿಗೆಯಿಂದ ಒಬ್ಬರ ಮೇಲೊಬ್ಬರಿಗೆ ಗುಮಾನಿ. ಅವನು ಕಾಪಿ ಮಾಡಿಕೊಂಡು ಬೇರೆ ಅಂಗಡಿ ಇಟ್ಟರೆ? ಇವಳು ತನ್ನ ನಾದಿನಿಗೆ ಕೊಟ್ಟರೆ?

ಅವರ ಊರಿನ ಇಗರ್ಜಿಯಲ್ಲಿ ಒಂದು ಹಳೆಯ ಮರದ ಪೆಟ್ಟಿಗೆ ಇತ್ತಂತೆ. ಅದಕ್ಕೆ ಮೂರು ಬೀಗ. ಬೀಗದಕೈ ಪಾದ್ರಿಗಳ ಬಳಿ ಒಂದು, ಊರ ಮುಖಂಡರಾದ ಇಬ್ಬರು ಗುರಿಕಾರರ ಬಳಿ ಒಂದೊಂದು. ಮೂವರೂ ಬಂದು ನಿಂತರೆ ಮಾತ್ರ ಪೆಟ್ಟಿಗೆ ತೆರೆಯುತ್ತಿತ್ತು. “ಹಾಗೆ ಮಾಡಿಕೊಡು ಮಾರಾಯ” ಎಂದರು ಅಗಸ್ಟಿನ್ ಅಂಕಲ್. ಆಗ ತಾನೇ ಸೆಕ್ಯುರಿಟಿಯ ಪಾಠ ಓದಿಕೊಂಡಿದ್ದ ವಿರುಪಾಕ್ಷನಿಗೆ ಹೊಸ ಕತ್ತಿ ಸಿಕ್ಕಿದವನ ಹುರುಪು. ಯಾರಿಗೆ ಯಾವ ಹಕ್ಕು ಎಂದು ಹೇಳುವ ಸೆಕ್ಯುರಿಟಿ ಪಾಲಿಸಿಯ ಪಟ್ಟಿ ತೆರೆದು, ಒಡೆತನ ತೆಗೆದುಕೊಳ್ಳುವ ಹಕ್ಕು ಅಂಕಲ್‌ಗೆ, ಕಾಪಿ ತೆಗೆದಿಡುವ ಹಕ್ಕು ಆಂಟಿಗೆ, ಆ ಕಾಪಿಯನ್ನು ಮರಳಿ ಹಾಕುವ ಹಕ್ಕು ಗ್ಲಾಡ್ವಿನ್‌ಗೆ ಎಂದು ಪಾಲು ಮಾಡಿಕೊಟ್ಟ. ಈ ಪಟ್ಟಿಯನ್ನೇ ಬದಲಾಯಿಸಬೇಕಾದರೆ ಯಜಮಾನ ಎಂಬ ಖಾತೆಯಿಂದ ಒಳಗೆ ಹೋಗಬೇಕು. ಅದರ ಪಾಸ್‌ವರ್ಡ್ ಮೂರು ತುಂಡು, ತಲೆಗೊಂದು ತುಂಡು. ಮೂರು ಸಲ ತಪ್ಪಿದರೆ ಆ ಖಾತೆ ಶಾಶ್ವತವಾಗಿ ಮುಚ್ಚಿಬಿಡಬೇಕು ಎಂಬುದೂ ಅಂಕಲ್‌ರದೇ ಅಪ್ಪಣೆ. ದೂರದಿಂದ ಯಾರೂ ಒಳಗೆ ಬರಬಾರದು, ಯಾರು ಯಾವಾಗ ಒಳಗೆ ಬಂದರು ಎಂದು ಕಂಪ್ಯೂಟರ್ ಬರೆದಿಡಬೇಕು. ಆ ಹಾಜರಿ ಪಟ್ಟಿಯನ್ನು ಅಂಕಲ್ ಪ್ರತಿ ಭಾನುವಾರ ಪೂಜೆ ಮುಗಿಸಿ ಬಂದು ಕನ್ನಡಕ ಹಾಕಿಕೊಂಡು ಓದುತ್ತಿದ್ದರು.

ಹೊಸ ವಿಂಡೋಸ್ ಎಂದರೆ ಮನೆಯ ಸಾಮಾನನ್ನೆಲ್ಲ ಎತ್ತಿ ಬೇರೆ ಕಡೆ ಇಡುವ ಕೆಲಸ. ಅದಕ್ಕೆ ಎಲ್ಲ ಹಕ್ಕೂ ಒಂದೇ ಕೈಯಲ್ಲಿ ಬೇಕು. ಇಲ್ಲಿ ಯಾರ ಕೈಯಲ್ಲೂ ಪೂರ್ತಿ ಇರಲಿಲ್ಲ.

ಇಷ್ಟೇ ಆಗಿದ್ದರೆ ಬೆವರುವ ಕಾರಣವಿರಲಿಲ್ಲ. ವಿರುಪಾಕ್ಷನ ಹೊಟ್ಟೆಯಲ್ಲಿ ಇನ್ನೊಂದು ಗುಟ್ಟಿತ್ತು. ಬೀಗ ಹಾಕುವವನು ತಾನು ಹೊರಗುಳಿಯಬಾರದು ಎಂದು ಪುಸ್ತಕದಲ್ಲಿ ಓದಿದ್ದ ಅವನು, ಈ ಮೂವರ ಸ್ವಭಾವವನ್ನೂ ಕಂಡಿದ್ದರಿಂದ, ನಾಲ್ಕನೆಯದೊಂದು ಖಾತೆಯನ್ನು ಮಾಡಿಟ್ಟಿದ್ದ. ಹೆಸರು ‘ಪ್ರಿಂಟರ್-2’. ಎಲ್ಲ ಹಕ್ಕೂ ಅದಕ್ಕೆ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಬೇಕೆಂದೇ ಇದ್ದ. ಅಷ್ಟರಲ್ಲಿ ಅಂಕಲ್ ಗ್ಲಾಸು ಎತ್ತಿ, “ಇನ್ನು ನಮ್ಮ ಮಾಂಯ್‌ಯ ಪುಡಿಗೆ ದೇವರ ಹತ್ತಿರ ಸಹ ನಾಲ್ಕನೇ ಬೀಗದಕೈ ಇಲ್ಲ!” ಎಂದು ಘೋಷಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ವಿರುಪಾಕ್ಷನೂ ತಟ್ಟಿದ. ತಟ್ಟಿದ ಮೇಲೆ ಹೇಳುವುದು ಹೇಗೆ? ನಾಳೆ ಹೇಳಿದರಾಯಿತು ಎಂದುಕೊಂಡ. ಆ ನಾಳೆ ನಾಲ್ಕು ವರ್ಷವಾದರೂ ಬಂದಿರಲಿಲ್ಲ.

ಈಗ ಆ ಖಾತೆಯಿಂದ ಒಳಗೆ ಹೋದರೆ ಹತ್ತು ನಿಮಿಷದ ಕೆಲಸ. ಆದರೆ ಹೋದದ್ದು ಹಾಜರಿ ಪಟ್ಟಿಯಲ್ಲಿ ಬೀಳುತ್ತದೆ, ನಾಳೆಯೇ ಭಾನುವಾರ. ತಮ್ಮ ಒಡಹುಟ್ಟಿದವರನ್ನೇ ನಂಬದ ಈ ಜನ ತನ್ನೊಬ್ಬನನ್ನು ನಂಬಿ ಬೀಗ ಮಾಡಿಸಿದ್ದರು. ಆ ಬೀಗದ ಕಳ್ಳಕೀಲಿ ಇಷ್ಟು ವರ್ಷ ತನ್ನ ಜೇಬಿನಲ್ಲಿತ್ತು ಎಂದು ಗೊತ್ತಾದರೆ ಈ ಮನೆಯ ಬಾಗಿಲು ತನಗೆ ಮುಚ್ಚಿದಂತೆಯೇ ಎಂದು ಅವನಿಗೆ ಖಾತ್ರಿಯಿತ್ತು. ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು.

ಎಲ್ಲ ಅಳಿಸಿ ಹೊಸದಾಗಿ ಹಾಕೋಣ ಎಂದರೆ ಪುಡಿಯ ಫೈಲೂ ಹೋಗುತ್ತದೆ.

“ಅಳತಿ ನಿಮಗ ಬಾಯಿಪಾಠ ಐತೆಲ್ರಿ ಅಂಕಲ್? ಮತ್ತ ಬರದ್ರಾತು.”

“ಬಾಯಿಪಾಠ ಉಂಟು. ಆದರೆ ಮೂವರ ಬಾಯಿಪಾಠ ಮೂರು ತರ ಉಂಟು. ಮಾಂಯ್ ಹೇಳಿದ್ದು ಅದರಲ್ಲಿ ಮಾತ್ರ ಇರುವುದು” ಎಂದು ಅಂಕಲ್ ಕಂಪ್ಯೂಟರಿನ ತಲೆ ಸವರಿದರು.

ಹಾಗಾದರೆ ಉಳಿದದ್ದು ಒಂದೇ ದಾರಿ, ಮೂರು ತುಂಡು ಪಾಸ್‌ವರ್ಡ್ ಒಟ್ಟಿಗೆ ಹೊಡೆಯುವುದು. ಅದೇ ಕಷ್ಟ. ಗ್ಲಾಡ್ವಿನ್ ಎರಡು ವರ್ಷದ ಹಿಂದೆ ಮೆಲ್ಬರ್ನ್‌ಗೆ ಹೋಗಿ, ವಿರುಪಾಕ್ಷನ ಆಫೀಸಿನ ಕೆಳಗೇ ಮಧ್ಯಾಹ್ನದ ಊಟದ ಕೌಂಟರ್ ಇಟ್ಟಿದ್ದ. ಹೋಗುವ ಮುಂಚೆ ಅಣ್ಣತಮ್ಮಂದಿರ ನಡುವೆ ದೊಡ್ಡ ಜಗಳ. ಕಾರಣ, ಮೆಣಸು. ಇಲ್ಲಿನ ಜನಕ್ಕೆ ಖಾರ ಹೆಚ್ಚಾಯಿತೆಂದು ಗ್ಲಾಡ್ವಿನ್ ಮಾಂಯ್‌ಯ ಲೆಕ್ಕದಲ್ಲಿ ಐದು ಮೆಣಸು ಕಡಿಮೆ ಮಾಡಿದ. ಅಣ್ಣ ಅದನ್ನು ತಾಯಿಗೆ ಮಾಡಿದ ಅವಮಾನ ಎಂದರು. ಅವತ್ತಿನಿಂದ ಮಾತಿಲ್ಲ, ಕತೆಯಿಲ್ಲ. ಪ್ರೆಸಿಲ್ಲಾ ಆಂಟಿ ಹಬ್ಬಕ್ಕೊಮ್ಮೆ ಫೋನ್ ಮಾಡಿ ಅಳುತ್ತಿದ್ದರು, ಅಷ್ಟೇ.

ವಿರುಪಾಕ್ಷ ಗ್ಲಾಡ್ವಿನ್‌ಗೆ ಫೋನ್ ಹಚ್ಚಿದ.

“ಆ ಗ್ಯಾರೇಜಿಗೆ ನಾನು ಕಾಲು ಇಡುವುದಿಲ್ಲ” ಎಂದಿತು ಫೋನು.

“ಅವನು ಬಂದರೂ ನಾನು ಬಾಗಿಲು ತೆಗೆಯುವುದಿಲ್ಲ” ಎಂದರು ಇತ್ತ ಅಂಕಲ್. ಎತ್ತು ಏರಿಗೆ, ಕೋಣ ನೀರಿಗೆ.

“ಪಾಸ್‌ವರ್ಡ್ ಫೋನಿನ್ಯಾಗ ಹೇಳ್ರಿ, ನಾ ಹೊಡೀತೀನಿ” ಎಂದ ವಿರುಪಾಕ್ಷ ಗ್ಲಾಡ್ವಿನ್‌ಗೆ.

“ನಿನಗೆ ಹೇಳಬಹುದು ಮಾರಾಯ. ಆದರೆ ನಿನ್ನ ಪಕ್ಕದಲ್ಲಿ ಅವನು ಕಿವಿ ಇಟ್ಟುಕೊಂಡು ನಿಂತಿರುತ್ತಾನೆ.” ಅಗಸ್ಟಿನ್ ಅಂಕಲ್ ನಿಜವಾಗಿಯೂ ಹಾಗೆಯೇ ನಿಂತಿದ್ದರು.

ವಿರುಪಾಕ್ಷ ತಲೆ ಕೆರೆದುಕೊಂಡು ಕೊನೆಗೆ ಹೇಳಿದ: “ಯಾರೂ ಯಾರ ಮನಿಗೂ ಹೋಗೂದು ಬ್ಯಾಡ್ರಿ. ಕಂಪ್ಯೂಟರ್ ಹೋಗ್ಲಿ.”

ಅಗಸ್ಟಿನ್ ಅಂಕಲ್ ಐದು ನಿಮಿಷ ಯೋಚಿಸಿದರು. “ನಾನು ಅವನಲ್ಲಿಗೆ ಹೋಗುವುದಲ್ಲ. ಕಂಪ್ಯೂಟರ್ ಹೋಗುವುದು. ಅದನ್ನು ಒಂದನ್ನೇ ಕಳಿಸಲಿಕ್ಕೆ ಆಗುತ್ತದಾ? ಅದರ ಜೊತೆಗೆ ನಾನು ಹೋಗುವುದು.”

“ನಾನೂ ಅದರ ಜೊತೆಗೇ” ಎಂದು ಪ್ರೆಸಿಲ್ಲಾ ಆಂಟಿ ಆಗಲೇ ತಿಂಡಿ ಕಟ್ಟಲು ಎದ್ದಿದ್ದರು.

ಭಾನುವಾರ ನಸುಕಿನಲ್ಲಿ ಹೊರಟರು. ಒಂಬೈನೂರು ಕಿಲೋಮೀಟರ್ ಹ್ಯೂಮ್ ಹೈವೇ. ಮುಂದೆ ಅಂಕಲ್ ಮತ್ತು ವಿರುಪಾಕ್ಷ, ಹಿಂದೆ ಆಂಟಿ, ಅವರ ಪಕ್ಕದಲ್ಲಿ ಸೀಟ್‌ಬೆಲ್ಟ್ ಹಾಕಿಕೊಂಡ ಕಂಪ್ಯೂಟರ್. ಬಿಸಿಲು ಬಿದ್ದಾಗ ಆಂಟಿ ತಮ್ಮ ಶಾಲನ್ನು ಅದಕ್ಕೆ ಹೊದಿಸಿದರು. ಅಂಕಲ್ ನೂರಹತ್ತು ದಾಟದಂತೆ ಓಡಿಸುತ್ತ, ಗ್ಲಾಡ್ವಿನ್ ಚಿಕ್ಕವನಿದ್ದಾಗ ಎಷ್ಟು ಹಟಮಾರಿಯಾಗಿದ್ದ ಎಂದು ಗಂಟೆಗಟ್ಟಲೆ ಹೇಳಿದರು. ಎರಡು ವರ್ಷ ಮಾತು ಬಿಟ್ಟವನ ಬಗ್ಗೆ ಇಷ್ಟು ಮಾತಾಡುವವರನ್ನು ವಿರುಪಾಕ್ಷ ಕಂಡಿರಲಿಲ್ಲ.

ಗುಂಡಗೈ ಎಂಬ ಊರಿನ ಬಳಿ ಪೆಟ್ರೋಲಿಗೆ ನಿಂತಾಗ ಅವನು ಪಕ್ಕಕ್ಕೆ ಹೋಗಿ ಹೆಂಡತಿ ಮಹಾಶ್ವೇತಾಳಿಗೆ ಫೋನ್ ಮಾಡಿದ. ನಾಲ್ಕನೇ ಖಾತೆಯ ವಿಷಯ ಗೊತ್ತಿದ್ದದ್ದು ಅವಳೊಬ್ಬಳಿಗೆ.

“ಹೇಳಿಬಿಡ್ರಿ ಅತ್ಲಾಗ” ಎಂದಳು ಅವಳು. “ಬೈತಾರ. ಬೈಸ್ಕೋರಿ.”

“ಬೈದ್ರ ಚಿಂತಿ ಇಲ್ಲ. ಸುಮ್ನಾಗಿಬಿಟ್ರ? ಆಂಟಿ ನನ್ ಮುಂದ ತಾಟು ಇಟ್ಟು, ಮಾತಾಡ್ದ ಒಳಗ ಹೋಗಿಬಿಟ್ರ?”

ಮೂರು ಪಾಸ್‌ವರ್ಡ್ ಸರಿಯಾಗಿ ಬಿದ್ದರೆ ಹೇಳುವ ಪ್ರಸಂಗವೇ ಬರುವುದಿಲ್ಲ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡು ಕಾರು ಹತ್ತಿದ.

ಮಧ್ಯಾಹ್ನ ನಾಲ್ಕರ ಸುಮಾರಿಗೆ ಡಾಕ್‌ಲ್ಯಾಂಡ್ಸ್ ತಲುಪಿದರು. ಗ್ಲಾಡ್ವಿನ್ ಇದ್ದದ್ದು ನೀರಿಗೆ ಮುಖ ಮಾಡಿದ ಕಟ್ಟಡದ ಹದಿನಾಲ್ಕನೇ ಮಹಡಿಯಲ್ಲಿ. ನಲವತ್ತೈದರ ದುಂಡುಮುಖದ ಆ ಮನುಷ್ಯ ಬಾಗಿಲು ತೆರೆದು ಅಕ್ಕನನ್ನು ತಬ್ಬಿಕೊಂಡ, ವಿರುಪಾಕ್ಷನ ಬೆನ್ನು ತಟ್ಟಿದ, ಅಣ್ಣನ ಕೈಯಲ್ಲಿದ್ದ ಕಂಪ್ಯೂಟರಿಗೆ “ಬಾ ಬಾ, ಒಳಗೆ ಬಾ” ಎಂದ. ಅಣ್ಣ ಗೋಡೆ ನೋಡುತ್ತ ಒಳಗೆ ಬಂದರು.

ಊಟದ ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿದ್ದಾಯಿತು. ಮೊದಲು ಅಗಸ್ಟಿನ್ ಅಂಕಲ್ ತಮ್ಮ ತುಂಡನ್ನು ಹೊಡೆದರು, ಉಳಿದ ಮೂವರು ಕಿಟಕಿಯತ್ತ ತಿರುಗಿ ಹಡಗು ನೋಡಿದರು. ಆಮೇಲೆ ಆಂಟಿ. ಆಮೇಲೆ ಗ್ಲಾಡ್ವಿನ್. ವಿರುಪಾಕ್ಷ ಎಂಟರ್ ಒತ್ತಿದ.

ತಪ್ಪು ಪಾಸ್‌ವರ್ಡ್.

“ಯಾರಿಗೋ ಕೈ ತಪ್ಪಿರಬೇಕ್ರಿ” ಎಂದು ನಕ್ಕ ವಿರುಪಾಕ್ಷ. ಯಾರೂ ನಗಲಿಲ್ಲ. ಎರಡನೆಯ ಸಲ. ಒಬ್ಬೊಬ್ಬರೂ ಒಂದೊಂದೇ ಬೆರಳಿನಿಂದ, ಕೋಳಿ ಕಾಳು ಹೆಕ್ಕಿದಂತೆ ಹೊಡೆದರು. ಎಂಟರ್.

ತಪ್ಪು ಪಾಸ್‌ವರ್ಡ್. ಇನ್ನೊಂದು ಸಲ ತಪ್ಪಿದರೆ ಖಾತೆ ಮುಚ್ಚಲಾಗುವುದು.

“ಇವನೇ!” ಎಂದು ಅಗಸ್ಟಿನ್ ಅಂಕಲ್ ಎದ್ದರು. ಎರಡು ವರ್ಷದಲ್ಲಿ ತಮ್ಮನಿಗೆ ಹೇಳಿದ ಮೊದಲ ಮಾತು ಅದು. “ಬೇಕು ಬೇಕಂತ ತಪ್ಪು ಹೊಡೆಯುವುದು! ನಮ್ಮ ಕ್ರಿಸ್ಮಸ್ ಹಾಳಾಗಲಿ ಅಂತ!”

“ನನಗೆಂತ ಲಾಭ? ನೀನೇ ಬದಲಿಸಿರಬೇಕು, ನಾನಿಲ್ಲದಾಗ!”

“ನನಗೆ ಒಬ್ಬನಿಗೇ ಬದಲಿಸಲಿಕ್ಕೆ ಬರುವುದಾದರೆ ನಿನ್ನ ಮನೆಗೆ ಯಾಕೆ ಬರುತ್ತಿದ್ದೆ?”

“ನೀನು ಬಂದದ್ದಲ್ಲವಲ್ಲ, ಕಂಪ್ಯೂಟರ್ ಬಂದದ್ದು!”

ಅಲ್ಲಿಂದ ಮುಂದೆ ಎಲ್ಲ ಕೊಂಕಣಿ. ವಿರುಪಾಕ್ಷನಿಗೆ ಅರ್ಧ ಅರ್ಥವಾಯಿತು, ಆ ಅರ್ಧವೇ ಸಾಕಾಗಿತ್ತು. ಮಾಂಯ್‌ಯ ಹೆಸರು ಬಂತು. ಕೊನೆಯ ದಿನಗಳಲ್ಲಿ ಯಾರು ನೋಡಿಕೊಂಡರು, ಯಾರು ನೋಡಿಕೊಳ್ಳಲಿಲ್ಲ ಎಂಬುದು ಬಂತು. ಪ್ರೆಸಿಲ್ಲಾ ಆಂಟಿ ಕುರ್ಚಿಯಲ್ಲಿ ಕುಸಿದು ಕೂತು, ಕೀಬೋರ್ಡನ್ನು ಮಡಿಲಿಗೆ ಎಳೆದುಕೊಂಡು ಅಳತೊಡಗಿದರು. ಅಗಸ್ಟಿನ್ ಅಂಕಲ್ ಕಾರಿನ ಕೀಲಿ ಕೈಗೆ ತೆಗೆದುಕೊಂಡರು. ಇವರು ಈಗ ಈ ಬಾಗಿಲು ದಾಟಿದರೆ ಮತ್ತೆ ಯಾರ ಸಾವಿಗೋ ಸೇರಬೇಕು, ಅಷ್ಟೇ ಎಂದು ವಿರುಪಾಕ್ಷನಿಗೆ ಅನ್ನಿಸಿತು. ಅವನಿಗೆ ಭಯವಾಯಿತು, ತನ್ನ ಬಗ್ಗೆ ಇದ್ದ ಭಯಕ್ಕಿಂತ ದೊಡ್ಡ ಭಯ.

“ಇನ್ನೊಂದು ಕೀಲಿ ಐತ್ರಿ” ಎಂದ.

ಯಾರಿಗೂ ಕೇಳಿಸಲಿಲ್ಲ. ಅವನು ಮೇಜು ತಟ್ಟಿ ಕೂಗಿದ: “ನಾಲ್ಕನೇ ಕೀಲಿ ಐತಿ! ನನ್ ಕಡೆ ಐತಿ! ಮೊದಲಿಂದನೂ ಐತಿ!”

ಮೂವರೂ ಅವನತ್ತ ತಿರುಗಿದರು. ವಿರುಪಾಕ್ಷ ನಿಂತಲ್ಲೇ ಎಲ್ಲ ಹೇಳಿದ. ಪ್ರಿಂಟರ್-2, ಪುಸ್ತಕ, ಅವತ್ತಿನ ಚಪ್ಪಾಳೆ, ಬಾರದ ನಾಳೆ. ಹೇಳುವಾಗ ನೆಲ ನೋಡುತ್ತಿದ್ದ.

ಆಮೇಲೆ ಮೂವರೂ ಒಟ್ಟಿಗೆ ಶುರು ಮಾಡಿದರು.

“ನಾಲ್ಕು ವರ್ಷ!” ಎಂದರು ಅಂಕಲ್.

“ನನ್ನ ಕೌಂಟರಿನಲ್ಲಿ ದಿನಾ ಊಟ ಮಾಡಿಕೊಂಡು!” ಎಂದ ಗ್ಲಾಡ್ವಿನ್.

“ನಾನು ಇವನನ್ನು ಮಗನ ಹಾಗೆ…” ಎಂದರು ಆಂಟಿ.

“ಹೌದು, ಪ್ರೆಸಿ ಹೇಳಿದ್ದು ಸರಿ!” ಎಂದ ಗ್ಲಾಡ್ವಿನ್. “ಗ್ಲಾಡಿ, ನೀನೇ ಕೇಳು ಇವನಿಗೆ!” ಎಂದರು ಅಗಸ್ಟಿನ್ ಅಂಕಲ್. “ಅಣ್ಣ ಅವತ್ತೇ ಹೇಳಿದ್ದ, ಪುಡಿಯ ಗುಟ್ಟು ಹೊರಗಿನವರಿಗೆ ಹೋಗಬಾರದು ಅಂತ!” ಎಂದು ಗ್ಲಾಡ್ವಿನ್ ಅಣ್ಣನ ಹೆಗಲ ಮೇಲೆ ಕೈ ಇಟ್ಟ. ಒಬ್ಬರು ದಣಿದರೆ ಇನ್ನೊಬ್ಬರು ಎತ್ತಿಕೊಂಡರು. ಹೊರಗಿನವರು ಎಂಬ ಮಾತು ವಿರುಪಾಕ್ಷನಿಗೆ ಚುಚ್ಚಿತು. ಆದರೆ ಆ ನೋವಿನ ನಡುವೆಯೂ ಅವನ ಕಣ್ಣಿಗೆ ಬಿತ್ತು: ಅಣ್ಣ ತಮ್ಮ ತಂಗಿ ಮೂವರೂ ಮೇಜಿನ ಒಂದೇ ಬದಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಎದುರು ಬದಿಯಲ್ಲಿ ಅವನೊಬ್ಬನೇ.

ಬೈಗುಳ ಸ್ವಲ್ಪ ತಣ್ಣಗಾದಾಗ ಪ್ರೆಸಿಲ್ಲಾ ಆಂಟಿ ಮೂಗು ಒರೆಸಿಕೊಂಡು ಕೇಳಿದರು: “ಎಷ್ಟು ಸಲ ನೋಡಿದ್ದಿ?”

“ಏನ್ರಿ?”

“ಪುಡಿಯ ಫೈಲು.”

“ಒಂದು ಸಲನೂ ಇಲ್ರಿ ಆಂಟಿ.”

“ಕೈಯಲ್ಲಿ ಕೀಲಿ ಇಟ್ಟುಕೊಂಡು? ನಾಲ್ಕು ವರ್ಷ?” ಆಂಟಿಯ ಧ್ವನಿ ಮತ್ತೆ ಏರಿತು. “ಯಾಕೆ? ನಮ್ಮ ಮಾಂಯ್‌ಯ ಪುಡಿ ಅಷ್ಟು ಸದರವಾ ನಿನಗೆ?”

ತಪ್ಪೊಪ್ಪಿಕೊಳ್ಳಲು ಬಂದವನಿಗೆ ತಪ್ಪು ಮಾಡಲಿಲ್ಲವೆಂದು ಬೈಗುಳ. “ಅದು ನಂದಲ್ಲಲ್ರಿ” ಎಂದ ಮೆಲ್ಲಗೆ.

ಅಗಸ್ಟಿನ್ ಅಂಕಲ್ ಕನ್ನಡಕ ತೆಗೆದು ಒರೆಸಿದರು. “ಪ್ರಿಂಟರ್-2 ಅಂತ ಹಾಜರಿ ಪಟ್ಟಿಯಲ್ಲಿ ಒಂದು ದಿನ ಬರಲಿಲ್ಲ” ಎಂದರು, ಯಾರಿಗೆ ಎಂದಿಲ್ಲದೆ. “ಬಂದಿದ್ದರೆ ನನ್ನ ಕಣ್ಣು ತಪ್ಪುತ್ತಿರಲಿಲ್ಲ.” ಆಮೇಲೆ ಗಡುಸಾಗಿ, “ನಿಂತದ್ದೆಂತ? ತೆಗೆ ನಿನ್ನ ಕಳ್ಳಬಾಗಿಲು. ಕೆಲಸ ಆಗಬೇಕಲ್ಲ. ಮುಗಿದ ಮೇಲೆ ಅದನ್ನು ನಮ್ಮ ಎದುರಿಗೇ ಅಳಿಸಬೇಕು” ಎಂದರು.

ವಿರುಪಾಕ್ಷ ಕೂತ. ಪ್ರಿಂಟರ್-2ರ ಹೆಸರಿನಲ್ಲಿ ಮೊದಲ ಬಾರಿಗೆ ಒಳಗೆ ಹೋದ. ಮೂರು ಪಾಲಾಗಿದ್ದ ಹಕ್ಕುಗಳನ್ನು ಒಂದು ಕಡೆ ಸೇರಿಸಿ, ಸಿ.ಡಿ. ಹಾಕಿದ. ಗಡಿಯಾರ ಓಡಿತು. ‘ಇನ್ನು 34 ನಿಮಿಷ’ ಬಂದಾಗ ನಾಲ್ವರೂ ಪರದೆಯತ್ತ ಬಗ್ಗಿದರು. ಯಂತ್ರ ಕೆಮ್ಮಲಿಲ್ಲ. 33 ಬಂತು.

33 ಬಂದದ್ದೇ ಗ್ಲಾಡ್ವಿನ್ ಅಡುಗೆಮನೆಗೆ ಹೋದ. ಮೂವರಿಗೆ ಹಂದಿಮಾಂಸದ ಬಫಾತ್, ವಿರುಪಾಕ್ಷನಿಗೆ ಬದನೆಕಾಯಿಯದು. ಪ್ರೆಸಿಲ್ಲಾ ಆಂಟಿ ಎದ್ದು, ಎರಡರ ಸೌಟೂ ಬೇರೆಯಾಗಿದೆಯೇ ಎಂದು ನೋಡಿ, ವಿರುಪಾಕ್ಷನ ತಟ್ಟೆಗೆ ತಾವೇ ಬಡಿಸಿದರು. ಮಾತಾಡಲಿಲ್ಲ, ಆದರೆ ಒಳಗೂ ಹೋಗಲಿಲ್ಲ. ಅಗಸ್ಟಿನ್ ಅಂಕಲ್ ಒಂದು ತುತ್ತು ತಿಂದು, “ಖಾರ ಎಲ್ಲಿ?” ಎಂದರು. “ಶುರುವಾಯಿತು” ಎಂದ ಗ್ಲಾಡ್ವಿನ್. ಮೆಣಸಿನ ಜಗಳ ಎರಡು ವರ್ಷದ ಹಿಂದೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯಿತು. ಅಂಕಲ್ ಜಗಳವಾಡುತ್ತ ಮೂರು ಸಲ ಬಡಿಸಿಕೊಂಡರು.

ಹೊಸ ವಿಂಡೋಸ್ ಬಂತು. ಚೀಟಿಯ ಯಂತ್ರದ ಹೆಸರನ್ನು ಅದು ಗುರುತು ಹಿಡಿಯಿತು. ಮೂವರೂ ಯಜಮಾನ ಖಾತೆಗೆ ಹೊಸದಾಗಿ ತಮ್ಮ ತಮ್ಮ ತುಂಡು ಹೊಡೆದರು. ಕೊನೆಗೆ ವಿರುಪಾಕ್ಷ ಅವರೆಲ್ಲರ ಎದುರಿಗೆ ಪ್ರಿಂಟರ್-2 ಅನ್ನು ಅಳಿಸಿದ. ಅಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಹೌದು ಎಂದ. ಹೋಯಿತು. ಇನ್ನು ಆ ಕಂಪ್ಯೂಟರಿಗೆ ತಾನು ಯಾರೂ ಅಲ್ಲ. ಆ ಮನೆಗೂ ಬಹುಶಃ ಅಷ್ಟೇ ಎಂದುಕೊಂಡ.

ಅಗಸ್ಟಿನ್ ಅಂಕಲ್ ಮೋಟೆಲ್ ಬುಕ್ ಮಾಡಿಯೇ ಬಂದಿದ್ದರು. ಈಗ ಅದನ್ನು ಕ್ಯಾನ್ಸಲ್ ಮಾಡಿಸಿ, “ಕಂಪ್ಯೂಟರ್ ಇಲ್ಲಿ ಇರುವಾಗ ಬಿಟ್ಟು ಹೋಗುವುದು ಹೇಗೆ?” ಎಂದು ಸೋಫಾದ ಮೇಲೆ ಕಾಲು ಚಾಚಿದರು. ವಿರುಪಾಕ್ಷ ಹೊರಡಲೆಂದು ಎದ್ದು “ಬರ್ತೀನ್ರಿ” ಎಂದ. ಹೋಗಿ ಬಾ ಎಂದು ಆಂಟಿ ತಲೆಯಾಡಿಸಿದರು. ಅವನು ಬೂಟು ಹಾಕಿಕೊಳ್ಳುತ್ತಿದ್ದಾಗ ಅಂಕಲ್, “ಟ್ರಾಮ್ ತನಕ ನಾನೂ ಬರುತ್ತೇನೆ, ತಿಂದದ್ದು ಕರಗಲಿ” ಎಂದು ಜೊತೆಗೆ ಬಂದರು.

ಹೊರಗೆ ಇನ್ನೂ ಬೆಳಕಿತ್ತು. ನೀರಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ಬೈಗುಳದ ಎರಡನೇ ಕಂತು ಇಲ್ಲೇ ಎಂದು ವಿರುಪಾಕ್ಷ ಮನಸ್ಸು ಗಟ್ಟಿ ಮಾಡಿಕೊಂಡ. ಟ್ರಾಮ್ ತಿರುವಿನಲ್ಲಿ ಕಾಣಿಸಿದಾಗ ಅಂಕಲ್ ಅತ್ತಿತ್ತ ನೋಡಿ ಹತ್ತಿರ ಸರಿದರು.

“ಗ್ಲಾಡಿ ತಪ್ಪು ಹೊಡೆಯಲಿಲ್ಲ ಮಾರಾಯ.”

“ಮತ್ತ?”

“ನಾನು. ನನಗೆ ನನ್ನದು ಮರೆತೇ ಹೋಗಿತ್ತು. ದಾರಿಯುದ್ದಕ್ಕೂ ನೆನಪು ಮಾಡಿದೆ, ಬರಲಿಲ್ಲ. ಹೇಳುವುದು ಹೇಗೆ ಅಂತ…” ಅರವತ್ತಮೂರು ವರ್ಷದ ಆ ದೊಡ್ಡ ಮನುಷ್ಯ ತಪ್ಪು ಮಾಡಿದ ಹುಡುಗನ ಹಾಗೆ ನಿಂತಿದ್ದರು. “ಅವರಿಬ್ಬರಿಗೆ ಹೇಳಬೇಡ.”

“ಇಲ್ರಿ ಅಂಕಲ್.”

“ಇವತ್ತು ಹೊಸತು ಹೊಡೆದೆ ನೋಡು. ಅದೂ ಮರೆತುಹೋಗುತ್ತದೆ ನನಗೆ, ಗೊತ್ತುಂಟು. ಬರೆದಿಟ್ಟರೆ ಪ್ರೆಸಿಗೆ ಸಿಗುತ್ತದೆ.” ಅಂಕಲ್ ವಿರುಪಾಕ್ಷನ ಭುಜ ಹಿಡಿದು ಬಗ್ಗಿಸಿ, ಕಿವಿಯಲ್ಲಿ ತಮ್ಮ ತುಂಡನ್ನು ಹೇಳಿದರು. ಅಷ್ಟೂ ಅಕ್ಷರ, ನಿಧಾನವಾಗಿ, ಎರಡು ಸಲ. “ನೀನು ನೆನಪಿಟ್ಟುಕೋ. ನಾನು ಕೇಳಿದಾಗ ಹೇಳಬೇಕು.”

ಟ್ರಾಮಿನ ಬಾಗಿಲು ತೆರೆಯಿತು. “ಆತ್ರಿ ಅಂಕಲ್” ಎಂದಷ್ಟೇ ಹೇಳಿ ವಿರುಪಾಕ್ಷ ಹತ್ತಿದ. ಕಿಟಕಿಯಿಂದ ನೋಡಿದಾಗ ಅಂಕಲ್ ಆಗಲೇ ತಮ್ಮನ ಕಟ್ಟಡದ ಕಡೆ ನಡೆಯುತ್ತಿದ್ದರು.

ಮನೆಯಲ್ಲಿ ಮಹಾಶ್ವೇತಾ ಬಾಗಿಲಲ್ಲೇ ಕಾಯುತ್ತಿದ್ದಳು. ಬೈದರೇ, ಎಷ್ಟು ಬೈದರು, ಊಟ ಹಾಕಿದರೇ, ಟ್ರಾಮ್ ತನಕ ಅಂಕಲ್ ಯಾಕೆ ಬಂದರು ಎಂದು ಒಂದೊಂದಾಗಿ ಕೇಳಿದಳು. ಅವನು ಎಲ್ಲವನ್ನೂ ಬಿಡದೆ ಹೇಳಿದ. ಕೊನೆಯ ಪ್ರಶ್ನೆಗೆ ಮಾತ್ರ, ತಿಂದದ್ದು ಕರಗಲಿ ಎಂದು ಬಂದರು ಎಂದ.